ಎಂಟನೇ ಸಾಲಿಗೆ ಇಟ್ಟ ಕಿಟಕಿ

ರಿಬ್ಬನ್ ಕತ್ತರಿಸಿದ್ದು ಬೆಳಗಿನ ಹನ್ನೊಂದಕ್ಕೆ. ಹನ್ನೊಂದೂ ಹತ್ತರ ಹೊತ್ತಿಗೆ ಇದಲೀನಾಳ ದನಿ ಬೀದಿ ತುದಿಯ ಕಾಫಿ ಅಂಗಡಿಯವರೆಗೂ ಕೇಳುತ್ತಿತ್ತು.

"ಯಾರು ಇಲ್ಲಿ ಕಿಟಕಿ ಇಟ್ಟಿದ್ದು? ಯಾರು ಅಂತ ಕೇಳ್ತಿದೀನಿ!"

ಒಳಗಿದ್ದವರೆಲ್ಲ ತಿರುಗಿ ನೋಡಿದರು. ಪಂಚಾಯಿತಿ ಅಧ್ಯಕ್ಷ ನೊರ್ಬೆರ್ತುವಿನ ಕೈಯಲ್ಲಿ ಇನ್ನೂ ಕತ್ತರಿ ಇತ್ತು. ಜಿಲ್ಲಾ ಕೇಂದ್ರದಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಬಾದಾಮಿ ಬಿಸ್ಕತ್ತನ್ನು ಬಾಯಿಯ ಹತ್ತಿರ ತಂದವರು ಹಾಗೆಯೇ ನಿಂತುಬಿಟ್ಟರು.

ಮೊಂತೆರೂಸಿನ ಗಣಿ ಮುಚ್ಚಿ ಆಗಲೇ ಐವತ್ತಮೂರು ವರ್ಷ. ನೆಲದೊಳಗಿನ ತಾಮ್ರವನ್ನೆಲ್ಲ ಬಗೆದುಕೊಂಡು ಇಂಗ್ಲಿಷ್ ಕಂಪನಿ ಹೊರಟುಹೋದ ಮೇಲೆ ಊರಿಗೆ ಉಳಿದದ್ದು ಕೆಂಪು ನೀರಿನ ಹೊಂಡ, ತುಕ್ಕು ಹಿಡಿದ ರೈಲು ಕಂಬಿ ಮತ್ತು ಹನ್ನೆರಡು ಸಾಲು ಮನೆ. ಸಾಲಿಗೆ ಇಪ್ಪತ್ತು ಬಾಗಿಲು, ಬಾಗಿಲಿಗೊಂದು ಕೋಣೆ, ಕೋಣೆಗೊಂದು ಸಂಸಾರ. ಎಂಟನೇ ಸಾಲಿನ ಹದಿನಾಲ್ಕನೇ ಬಾಗಿಲು ಇದಲೀನಾ ಹುಟ್ಟಿದ ಮನೆ. ಸೂರು ಇನ್ನೂ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಪಂಚಾಯಿತಿಯವರು ಅದನ್ನೇ ಆರಿಸಿ 'ಗಣಿ ಕೆಲಸಗಾರನ ಮನೆ' ಎಂದು ಬೋರ್ಡು ಹಾಕಿ, ನೋಡಲು ಬರುವವರಿಗಾಗಿ ಸಿದ್ಧ ಮಾಡಿದ್ದರು.

ಸುದ್ದಿ ಕೇಳಿದಾಗ ಇದಲೀನಾಳಿಗಿಂತ ಖುಷಿಪಟ್ಟವರು ಊರಲ್ಲಿ ಇರಲಿಲ್ಲ. ಅರವತ್ತೊಂಬತ್ತರ ವಿಧವೆ, ಮೂವತ್ತು ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ಎತ್ತಿಳಿಸಿದ ತೋಳು, ಇನ್ನೂರು ಮಕ್ಕಳನ್ನು ಸಾಲು ನಿಲ್ಲಿಸಿದ ಗಂಟಲು. ಅಪ್ಪ ಗಣಿಗೆ ಒಯ್ಯುತ್ತಿದ್ದ ಕಾರ್ಬೈಡ್ ದೀಪ, ಅಮ್ಮನ ಮಣ್ಣಿನ ಗಡಿಗೆ, ಅಜ್ಜಿ ಕೂರುತ್ತಿದ್ದ ಗಿಡ್ಡ ಕುರ್ಚಿ ಎಲ್ಲವನ್ನೂ ತಾನೇ ಹೊತ್ತು ತಂದು ಕೊಟ್ಟಿದ್ದಳು. ಕೆಲಸ ನಡೆಯುವಾಗ ಪಂಚಾಯಿತಿಯವರು ಹಿಂದಿನ ಓಣಿಗೂ ತಡಿಕೆ ಕಟ್ಟಿ, ಒಳಗೆ ಯಾರನ್ನೂ ಬಿಡಲಿಲ್ಲ. ಅವಳು ಇವತ್ತೇ ಮೊದಲು ನೋಡಿದ್ದು.

ನೋಡಿದರೆ ಹಿಂದಿನ ಗೋಡೆಯಲ್ಲಿ ಎರಡು ಬಾಗಿಲಿನ ಚೆಂದದ ಕಿಟಕಿ. ಚೌಕಟ್ಟಿಗೆ ಈ ಕಡೆಯ ಮನೆಗಳಿಗೆಲ್ಲ ಬಳಿಯುವ ನೀಲಿ ಬಣ್ಣ. ಕಿಟಕಿಯಿಂದ ಬಿಸಿಲು ಬಂದು, ಕಸೂತಿ ಹೊದಿಕೆ ಹಾಸಿದ ಮಂಚದ ಮೇಲೆ ಹಾಯಾಗಿ ಮಲಗಿತ್ತು.

"ಇದಲೀನಾ ಚಿಕ್ಕಮ್ಮ, ಸ್ವಲ್ಪ ಮೆಲ್ಲಗೆ," ಎಂದ ನೊರ್ಬೆರ್ತು. "ದೊಡ್ಡವರು ಬಂದಿದಾರೆ."

"ನಾನೇನು ಸಣ್ಣವಳಾ? ಈ ಮನೇಲಿ ಕಿಟಕಿ ಇರಲಿಲ್ಲ ಕಣೋ. ಯಾವ ಸಾಲಲ್ಲೂ ಯಾವ ಮನೆಗೂ ಇರಲಿಲ್ಲ. ನಿನಗೂ ಗೊತ್ತು."

ಲಿಸ್ಬನ್ನಿನಿಂದ ಬಂದಿದ್ದ ಎಂಜಿನಿಯರ್ ಹುಡುಗಿ ಮುಂದೆ ಬಂದಳು. ಒಳ್ಳೆಯ ಹುಡುಗಿ, ಮಾತು ಮೃದು. "ಅಮ್ಮಾ, ಕಿಟಕಿ ಇಡಿಸಿದ್ದು ನಾನು. ಗಾಳಿ ಬೆಳಕಿನ ನಿಯಮ ಅಂತ ಇದೆ. ಒಂದೇ ಸಲಕ್ಕೆ ಹತ್ತು ಜನ ಒಳಗೆ ಬಂದ್ರೆ ಉಸಿರು ಕಟ್ಟಿದ ಹಾಗಾಗತ್ತೆ."

"ಎಷ್ಟು ಹೊತ್ತು ಇರ್ತಾರೆ ಆ ಹತ್ತು ಜನ?"

"ಐದು ನಿಮಿಷ. ಹೆಚ್ಚು ಅಂದ್ರೆ ಹತ್ತು."

"ನಾವು ಒಂಬತ್ತು ಜನ ಇದ್ವಿ," ಎಂದಳು ಇದಲೀನಾ. "ಹದಿನಾರು ವರ್ಷ ಇದ್ದೆ ನಾನು. ನಮಗೆ ಯಾವ ನಿಯಮ ಇತ್ತಮ್ಮ?"

ಯಾರೋ ಕೆಮ್ಮಿದರು. ನೊರ್ಬೆರ್ತು ಅತಿಥಿಯ ತೋಳು ಹಿಡಿದು "ಬನ್ನಿ, ಕಂಪನಿಯ ಫುಟ್ಬಾಲ್ ತಂಡದ ಫೋಟೋ ತೋರಿಸ್ತೀನಿ" ಎಂದು ಮೂಲೆಗೆ ಕರೆದೊಯ್ದ. ಇದಲೀನಾ ಮಂಚದ ಮೇಲಿನ ಕಸೂತಿ ಹೊದಿಕೆಯನ್ನು ಸರಕ್ಕನೆ ಎಳೆದು, ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಯಾರೂ ತಡೆಯಲಿಲ್ಲ.

ಅವಳ ಸಿಟ್ಟಿಗೆ ಕಾರಣ ಬರೀ ಒಂದು ಕಿಟಕಿಯಲ್ಲ.

ಅವಳಮ್ಮ ಫೆಲಿಜ್ಬೇಲಾ ಕಂಪನಿಯ ಕಚೇರಿಗೆ ಮೂರು ಸಲ ಹೋಗಿದ್ದಳು. ಕಂಪನಿಯ ಗೋಡೆಗೆ ಮೊಳೆ ಹೊಡೆಯಬೇಕೆಂದರೂ ಅಪ್ಪಣೆ ಬೇಕಾಗಿದ್ದ ಕಾಲ ಅದು. ಅವಳು ಕೇಳಿದ್ದು ಕಿಟಕಿಯನ್ನೂ ಅಲ್ಲ, ಹಿಂದಿನ ಗೋಡೆಯಲ್ಲಿ ಒಂದು ಬ್ರೆಡ್ಡಿನಷ್ಟು ಅಗಲದ ತೂತು. ಒಳಗೆ ಗಂಡ, ಅತ್ತೆ, ಮೈದುನ, ಐದು ಮಕ್ಕಳು. ಅಡುಗೆಯೂ ಅಲ್ಲೇ, ಸ್ನಾನವೂ ಅಲ್ಲೇ, ಪಾಳಿ ಮುಗಿಸಿ ಬಂದವರ ಗಂಧಕದ ವಾಸನೆಯ ಬಟ್ಟೆ ಒಣಗುವುದೂ ಅಲ್ಲೇ. ಕಚೇರಿಯ ಗುಮಾಸ್ತ ತೆಯೊತೊನ್ಯು ತಲೆ ಎತ್ತದೆ ಹೇಳಿದ್ದನಂತೆ: "ನಿನಗೊಂದು ಕೊಟ್ರೆ ಇನ್ನೂರ ನಲವತ್ತು ಮನೆಯವರೂ ಬಂದು ನಿಲ್ತಾರೆ. ಹೋಗು."

1956ರ ಈಸ್ಟರ್ ಭಾನುವಾರ, ಕಂಪನಿಯ ಕಾವಲುಗಾರರೆಲ್ಲ ಪೂಜೆಗೆ ಚರ್ಚಿನಲ್ಲಿದ್ದಾಗ, ಅಪ್ಪ ಅಮಾದೇವು ಉಳಿ ಸುತ್ತಿಗೆ ಹಿಡಿದು ತೂತು ತೆಗೆದ. ನಾಲ್ಕು ದಿನ ಆ ಮನೆಗೆ ಬೆಳಕು ಬಂತು. ಆರು ವರ್ಷದ ಇದಲೀನಾ ಅಜ್ಜಿಯ ಕೈ ಮೇಲೆ ಕಂದು ಮಚ್ಚೆಗಳಿವೆ ಎಂಬುದನ್ನು ಕಂಡದ್ದು ಆ ನಾಲ್ಕು ದಿನಗಳಲ್ಲಿಯೇ. ಗುರುವಾರ ಕಾವಲುಗಾರರು ಬಂದರು. ಸಾಲಿನವರೆಲ್ಲ ನೋಡುತ್ತಿರುವಂತೆ ಅಪ್ಪನ ಕೈಯಿಂದಲೇ ಕಲ್ಲು ಮಣ್ಣು ತುಂಬಿಸಿ ಮುಚ್ಚಿಸಿದರು. ಆಮೇಲೆ ಮೂರು ತಿಂಗಳು ಅವನನ್ನು ಗಣಿಯ ಎಲ್ಲಕ್ಕಿಂತ ಕೆಳಗಿನ ಅಂತಸ್ತಿಗೆ ಹಾಕಿದರು. ಅಲ್ಲಿನ ನೀರಿಗೆ ಕಾಲಿನ ಚರ್ಮ ಸುಲಿಯುತ್ತಿತ್ತು.

ಮರು ವರ್ಷದ ಜನವರಿಯಲ್ಲಿ, ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ, ಬಾಗಿಲು ಹಾಕಿದ್ದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಇದ್ದಿಲಿನ ಹೊಗೆ ಕುಡಿದು ತಮ್ಮ ಜಸಿಂತು ಸತ್ತ. ಹದಿನಾಲ್ಕು ತಿಂಗಳ ಕೂಸು. ಅದೇ ಮಂಚದಲ್ಲಿ ಅವನ ಪಕ್ಕದಲ್ಲಿ ಮಲಗಿದ್ದ ಇದಲೀನಾ ಬದುಕಿದಳು. ಅವಳಿಗೆ ನೆನಪಿರುವುದು ಇಷ್ಟೇ: ಬೀದಿಯ ಕೆಸರಲ್ಲಿ ಮಲಗಿ ವಾಂತಿ ಮಾಡುತ್ತಿದ್ದದ್ದು, ತಲೆಯೊಳಗೆ ಯಾರೋ ಸುತ್ತಿಗೆ ಬಡಿಯುತ್ತಿದ್ದದ್ದು, ಅಮ್ಮನ ಬಾಯಿ ತೆರೆದಿದ್ದರೂ ದನಿ ಬರದಿದ್ದದ್ದು. ಕಂಪನಿಯ ವೈದ್ಯ ಬಂದು 'ತಾಯಿಯ ಅಜಾಗರೂಕತೆ' ಎಂದು ಬರೆದುಕೊಂಡು ಹೋದ. ಅಮ್ಮ ಅಲ್ಲವೆನ್ನಲಿಲ್ಲ. ಸಾಯುವವರೆಗೂ ಆ ಮಾತೆತ್ತಲಿಲ್ಲ.

ಆ ಗೋಡೆಯಲ್ಲಿ ಈಗ ನೀಲಿ ಚೌಕಟ್ಟಿನ ಕಿಟಕಿ!

ಇದಲೀನಾ ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಊರ ಹೊಸ ಬಡಾವಣೆಗೆ ನಡೆದಳು. ಅಲ್ಲಿ ಅವಳ ಅಕ್ಕ ಗ್ರಸಿಂದಾಳ ಮನೆ. ಎಪ್ಪತ್ತಾರು ವರ್ಷದ ಗ್ರಸಿಂದಾ ಇಪ್ಪತ್ತೈದು ವರ್ಷ ಫ್ರಾನ್ಸಿನಲ್ಲಿ ಬೇರೆಯವರ ಮೆಟ್ಟಿಲು ಒರೆಸಿ, ಬಂದು ಕಟ್ಟಿಸಿದ ಮನೆ, ಹನ್ನೊಂದು ಕಿಟಕಿ. ಊರವರು ಅದನ್ನು ಗಾಜಿನ ಮನೆ ಎಂದು ಆಡಿಕೊಳ್ಳುತ್ತಿದ್ದರು. ಉದ್ಘಾಟನೆಗೆ ಅವಳು ಬಂದಿರಲಿಲ್ಲ. ಮಂಡಿ ನೋವು ಎಂದು ಹೇಳಿ ಕಳಿಸಿದ್ದಳು. ಈಗ ನೋಡಿದರೆ ಅಂಗಳದಲ್ಲಿ ಕೂತು ಒಂದು ಬುಟ್ಟಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು.

"ತಗೋ ನಿನ್ನ ಹೊದಿಕೆ," ಎಂದು ಇದಲೀನಾ ಅದನ್ನು ಅವಳ ಮಡಿಲಿಗೆ ಹಾಕಿದಳು. "ನಮ್ಮ ಮಂಚದ ಮೇಲೆ ಇಂಥದ್ದು ಯಾವತ್ತಿತ್ತೇ ಅಕ್ಕ? ಗೋಣಿ ಹೊದ್ಕೊಂಡು ಮಲಗ್ತಿದ್ವಿ."

"ಚೆಂದ ಕಾಣಲಿ ಅಂತ ಕೊಟ್ಟೆ."

"ಚೆಂದ! ಗೋಡೆ ಒಡೆದು ಕಿಟಕಿ ಇಟ್ಟಿದಾರೆ, ಅದೂ ಚೆಂದಾನಾ?"

ಗ್ರಸಿಂದಾ ಕಾಯಿಯ ತುದಿ ಮುರಿದಳು. "ನನಗೆ ಗೊತ್ತಿತ್ತು. ಎಂಜಿನಿಯರ್ ಹುಡುಗಿ ಬಂದು ಕೇಳಿದ್ಲು. ಇಡಿ ಅಂದೆ."

"ನೀನು... ಇಡಿ ಅಂದ್ಯಾ?"

"ಹೂಂ ಅಂದೆ. ಏನೀಗ? ಆಗಸ್ಟಿನಲ್ಲಿ ಫ್ರಾನ್ಸಿಂದ ಮೊಮ್ಮಕ್ಕಳು ಬರ್ತಾರೆ. ಅಜ್ಜಿ ಹುಟ್ಟಿದ ಮನೆ ನೋಡ್ಬೇಕು ಅಂತಾರೆ. ಏನು ತೋರಿಸ್ಲಿ? ಕತ್ತಲೆ ಬಿಲ ತೋರಿಸಿ, ಇದರೊಳಗೆ ಹಂದಿಗಳ ಥರ ಇದ್ವಿ ಅಂತ ಹೇಳ್ಲಾ?"

"ನಿಜ ಹೇಳು. ಅಷ್ಟೆ."

"ನಿಜ ಹೇಳೋಕೆ ನೀನಿದೀಯಲ್ಲ, ಊರಿಗೆಲ್ಲ ಕೇಳೋ ಹಾಗೆ! ನನಗೆ ಸಾಕಾಗಿದೆ. ಅಲ್ಲಿ ಬೆಳಕು ಬರಲಿ ಬಿಡು ಇದಲೀನಾ. ಇಷ್ಟು ವರ್ಷದ ಮೇಲಾದ್ರೂ ಬರಲಿ."

"ಅಮ್ಮ ಕೇಳಿದಾಗ ಬರಲಿಲ್ಲ. ಈಗ ಯಾವನೋ ಪ್ರವಾಸಿಗೆ ಬೆವರುತ್ತೆ ಅಂತ ಬರಬೇಕಾ?"

"ಅಮ್ಮನ ಹೆಸರು ಎತ್ತಬೇಡ," ಎಂದು ಗ್ರಸಿಂದಾ ಬುಟ್ಟಿ ಎತ್ತಿಕೊಂಡು ಎದ್ದಳು. ಮಂಡಿ ನೋವಿನವಳು ಮೂರೇ ಹೆಜ್ಜೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇದಲೀನಾ ಒಂದು ಹತ್ತು ನಿಮಿಷ ಅಂಗಳದಲ್ಲೇ ನಿಂತು ಆ ಹನ್ನೊಂದು ಕಿಟಕಿಗಳಿಗೂ ಕೇಳಿಸುವಂತೆ ಬೈದು, ಗಂಟಲು ಒಣಗಿದ ಮೇಲೆ ಹೊರಟಳು.

ಮಾರನೆಯ ದಿನ ಅವಳು ಪಂಚಾಯಿತಿಗೆ ಹೋಗಿ, ಕಿಟಕಿ ಮುಚ್ಚಿಸಬೇಕೆಂದು ಅರ್ಜಿ ಕೊಟ್ಟಳು. ನೊರ್ಬೆರ್ತು ಅರ್ಜಿ ಓದಿ, ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡ. ನಲವತ್ತೈದರ ಮನುಷ್ಯ. ಕೆಟ್ಟವನಲ್ಲ, ಎಲ್ಲರಿಗೂ ಒಳ್ಳೆಯವನಾಗಬೇಕೆಂಬ ಕಾಯಿಲೆಯವನು.

"ಚಿಕ್ಕಮ್ಮ, ಕಿಟಕಿ ಮುಚ್ಚಿದ್ರೆ ನಮ್ಮ ಪರವಾನಗಿನೇ ಹೋಗುತ್ತೆ. ಜನ ಬರೋದೇ ಬೇಡ್ವಾ ಊರಿಗೆ? ಶಾಲೆ ಮುಚ್ಚಿ ಹೋಯ್ತು. ಬಸ್ಸು ದಿನಕ್ಕೆ ಒಂದು. ಬಂದೋರಿಗೆ ಮನಸ್ಸಿಗೆ ಹಿತ ಆಗೋ ಹಾಗೆ ಏನಾದ್ರೂ ತೋರಿಸ್ಬೇಕಲ್ವಾ?"

"ಹಿತ! ನಿಮ್ಮ ತಾತ ಕಂಪನಿ ಕಚೇರೀಲಿ ಕಿಟಕಿ ಪಕ್ಕನೇ ಕೂತು ನಮ್ಮಮ್ಮನಿಗೆ ಹೋಗು ಅಂದ್ನಲ್ಲ, ಅದನ್ನೂ ಹಿತವಾಗಿ ಬರೆದು ತಗಲಿಹಾಕು."

ಗುಮಾಸ್ತ ತೆಯೊತೊನ್ಯುವಿನ ಮೊಮ್ಮಗ ನೊರ್ಬೆರ್ತುವಿನ ಕಿವಿ ಕೆಂಪಾಯಿತು. "ತಾತ ಮಾಡಿದ್ದನ್ನ ನನ್ನ ತಲೆಗೆ ಕಟ್ಟಬೇಡಿ. ನಾನು ಆಗ ಹುಟ್ಟಿರಲೂ ಇಲ್ಲ."

"ಹುಟ್ಟಿದ ಮೇಲೆ ನೀನು ಮಾಡಿರೋದನ್ನೇ ಹೇಳ್ತಿರೋದು ನಾನು."

ಅರ್ಜಿ ಮೇಜಿನ ಮೇಲೆ ಉಳಿಯಿತು. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ವಾರದ ಕೊನೆಗೆ ಕಾರುಗಳು ಬರತೊಡಗಿದವು. ಇದಲೀನಾ ಈಗ ಇದ್ದದ್ದು ಅದೇ ಸಾಲಿನ ಹದಿನಾರನೇ ಬಾಗಿಲು. ಬಂದವರ ಮಾತೆಲ್ಲ ಬೀದಿಯಲ್ಲಿ ಅವಳ ಕಿವಿಗೆ ಬೀಳುತ್ತಿತ್ತು. ಒಂದು ಶನಿವಾರ ಬಿಳಿ ಟೋಪಿಯ ಹೆಂಗಸೊಬ್ಬಳು ಹೊರಗೆ ಬಂದು ಗಂಡನಿಗೆ ಹೇಳಿದಳು: "ಎಷ್ಟು ಮುದ್ದಾಗಿದೆ ಅಲ್ವಾ? ಚಿಕ್ಕದು, ಆದ್ರೆ ಹೇಗೆ ಬೆಳಕು! ಬಡವರಾದ್ರೂ ನೆಮ್ಮದಿಯಾಗಿದ್ರು ಪಾಪ."

ಇದಲೀನಾ ನೆಟ್ಟಗೆ ಬೆಲ್ಕಿಯೋರನ ಮನೆಗೆ ಹೋದಳು.

ಬೆಲ್ಕಿಯೋರ್ ಗಾರೆ ಮೇಸ್ತ್ರಿ. ಎಪ್ಪತ್ತಮೂರಾದರೂ ಸಣ್ಣಪುಟ್ಟ ಕೆಲಸ ಬಿಟ್ಟಿರಲಿಲ್ಲ. ಬೆಳ್ಳುಳ್ಳಿ, ಕೊತ್ತಂಬರಿ ಅರೆದ ಬಿಸಿನೀರಿನಲ್ಲಿ ಬ್ರೆಡ್ಡು ನೆನೆಸಿ, ಮೇಲೊಂದು ಮೊಟ್ಟೆ ಒಡೆದು ಉಣ್ಣುತ್ತ ಕೂತಿದ್ದ.

"ಇಟ್ಟಿಗೆ ಬೇಕು," ಎಂದಳು ಇದಲೀನಾ. "ಸುಣ್ಣ, ಮರಳು, ಸಿಮೆಂಟು ಬೇಕು. ನಿನ್ನ ಕರಣೆ ಬೇಕು."

"ಏನು ಕಟ್ತೀಯ? ಕೋಳಿ ಗೂಡಾ?"

"ಆ ಕಿಟಕಿ ಮುಚ್ತೀನಿ."

ಬೆಲ್ಕಿಯೋರ್ ಚಮಚ ಕೆಳಗಿಟ್ಟ. ತಟ್ಟೆಯನ್ನು ನೋಡುತ್ತ ಹೇಳಿದ: "ಆ ಕಿಟಕಿಗೆ ಗೋಡೆ ಒಡೆದೋನು ನಾನೇ ಕಣೆ."

"ಏನು?"

"ಪಂಚಾಯಿತಿಯವ್ರು ಕರೆದ್ರು, ಹೋದೆ. ಗುರುತು ಹಾಕಿ ಕೊಟ್ಟಿದ್ರು, ಒಡೆದೆ. ನಿನಗೆ ಹೇಳೋಕೆ ನಾಚಿಕೆ ಆಯ್ತು." ಎರಡೂ ಕೈಯಲ್ಲಿ ಅಗಲ ತೋರಿಸಿ ಹೇಳಿದ: "ಒಡೆಯೋವಾಗ ಒಂದು ತೇಪೆ ಸಿಕ್ತು. ಬ್ರೆಡ್ಡಿನಷ್ಟಗಲ. ಮಣ್ಣೇ ಬೇರೆ, ಕಲ್ಲೇ ಬೇರೆ. ಒಳ್ಳೆ ಕೆಲಸಗಾರ ಮಾಡಿದ್ದಲ್ಲ, ಸಿಟ್ಟಲ್ಲಿ ತುರುಕಿದ ಹಾಗಿತ್ತು."

"ಅದು ನಮ್ಮಪ್ಪ ಮುಚ್ಚಿದ್ದು!" ಇದಲೀನಾ ಮೇಜು ಗುದ್ದಿದ್ದಕ್ಕೆ ಸಾರು ತುಳುಕಿತು. "ಅದೊಂದೇ ಉಳಿದಿತ್ತಲ್ಲೋ ಮಹಾರಾಯ! ಅದನ್ನೇ ಕಿತ್ತು ಎಸೆದ್ಯಾ?"

"ಗೊತ್ತಿರಲಿಲ್ಲ ಇದಲೀನಾ. ಅರ್ಧ ಒಡೆದ ಮೇಲೆ ಅನುಮಾನ ಬಂತು. ಅಷ್ಟೊತ್ತಿಗೆ ಗಾಡಿಗೆ ತುಂಬಿ ಆಗಿತ್ತು."

ಅವಳು ಬೈದಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಲಿತ ಬೈಗುಳವೆಲ್ಲ ಮುಗಿಯಿತು. ಬೆಲ್ಕಿಯೋರ್ ಒಂದಕ್ಕೂ ಎದುರಾಡದೆ ಊಟ ಮುಗಿಸಿ, ತಟ್ಟೆ ತೊಳೆದು, ಬಾಗಿಲ ಹಿಂದಿನಿಂದ ಕರಣೆ ಮತ್ತು ಗೋಡೆಯ ನೇರ ನೋಡುವ ತೂಗುಗುಂಡು ತೆಗೆದುಕೊಂಡ. "ನಡಿ. ಎಲ್ಲರೂ ಮಲಗಿರೋ ಹೊತ್ತು."

ಜೂನ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮೊಂತೆರೂಸಿನಲ್ಲಿ ನಾಯಿಯೂ ಬೀದಿಗೆ ಇಳಿಯುವುದಿಲ್ಲ. ಸಾಲಿನ ಹಿಂದಿನ ಓಣಿಯಲ್ಲಿ ಇದಲೀನಾ ಗಾರೆ ಕಲಸಿದಳು, ಬೆಲ್ಕಿಯೋರ್ ಕಟ್ಟಿದ. ಮೊದಲು ಕಿಟಕಿಯ ಬಾಗಿಲುಗಳನ್ನು ಜೋಪಾನವಾಗಿ ಕಳಚಿ, ಗೋಡೆಗೆ ಒರಗಿಸಿಟ್ಟರು. ಎರಡು ಸಲ ಅವನಿಗೆ ತಲೆ ಸುತ್ತಿ ನೆರಳಿಗೆ ಕೂತ. ಎರಡು ಸಲವೂ ಅವಳೇ ನಾಲ್ಕು ಇಟ್ಟಿಗೆ ಇಟ್ಟಳು. ಎರಡು ಸಲವೂ ಅವನು ಬಂದು ಅದನ್ನು ಕಿತ್ತು ನೇರ ಮಾಡಿದ. ಐದೂವರೆಯ ಹೊತ್ತಿಗೆ ಕೊನೆಯ ಇಟ್ಟಿಗೆ ಕೂತಿತು.

ಆರು ಗಂಟೆಗೆ ಪೊಲೀಸ್ ದಫೇದಾರ ಕರೆಜ್ಮಾ ಬಂದ. ಬೇರೆ ಊರಿನವನು, ಬಂದು ಆರು ತಿಂಗಳಾಗಿತ್ತು. "ಇದು ಸಾರ್ವಜನಿಕ ಆಸ್ತಿ. ಹಾಳು ಮಾಡಿದೀರಿ ಅಂತ ದೂರು ಬಂದಿದೆ."

"ಹಾಳೆಲ್ಲಿ ಮಾಡಿದೀವಿ ಸಾರ್?" ಬೆಲ್ಕಿಯೋರ್ ದಾರ ಹಿಡಿದು ಗುಂಡನ್ನು ಗೋಡೆಯ ಪಕ್ಕ ಇಳಿಬಿಟ್ಟ. "ನೋಡಿ, ಕೂದಲೆಳೆಯಷ್ಟು ಸೊಟ್ಟ ಇದ್ರೆ ಜೈಲಿಗೆ ಹಾಕಿ."

"ಯಾರು ಮಾಡಿದ್ದು ಅಂತ ಬರ್ಕೊಳ್ಳಿ," ಎಂದಳು ಇದಲೀನಾ. "ಇದಲೀನಾ ರಾಪೋಜು. ಅಮಾದೇವು ಮಗಳು. ನಮ್ಮಪ್ಪನೂ ಇದೇ ಗೋಡೆ ಮುಟ್ಟಿ ಶಿಕ್ಷೆ ತಿಂದಿದ್ದ ಅಂತಾನೂ ಬರ್ಕೊಳ್ಳಿ."

ದಫೇದಾರ ಬರೆದುಕೊಂಡ. ಹೆಸರಿನ ಸ್ಪೆಲಿಂಗ್ ಕೇಳಿದ. ಆಮೇಲೆ, ಬಂಧಿಸಬೇಕೋ ಬೇಡವೋ ಎಂದು ತಿಳಿಯದೆ, ನೀರು ಕೇಳಿ ಕುಡಿದು ಹೋದ.

ಮರುದಿನ ನೊರ್ಬೆರ್ತು ಗೋಡೆ ಒಡೆಸಲು ಆಳು ಹುಡುಕಿದ. ಬೆಲ್ಕಿಯೋರ್ ಬಿಟ್ಟರೆ ಊರಲ್ಲಿ ಗಾರೆಯವರಿಲ್ಲ. ಪಕ್ಕದ ಊರಿನಿಂದ ಒಬ್ಬನನ್ನು ಕರೆಸಿದ. ಅವನು ಬರುವ ಹೊತ್ತಿಗೆ ಎಂಟನೇ ಸಾಲಿನ ಐದು ಮುದುಕಿಯರು ಕುರ್ಚಿ ತಂದುಹಾಕಿಕೊಂಡು ಹಿಂದಿನ ಓಣಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದರು. ಇದಲೀನಾ ಯಾರನ್ನೂ ಕರೆದಿರಲಿಲ್ಲ. "ನಮ್ಮ ಓಣಿ, ನಾವು ನೆರಳಿಗೆ ಕೂತಿದೀವಿ," ಎಂದರು ಅವರು. ಬಂದವನು ಸುತ್ತಿಗೆಯನ್ನು ಹೆಗಲ ಮೇಲಿಟ್ಟುಕೊಂಡು, "ನನ್ನಜ್ಜಿ ವಯಸ್ಸಿನೋರನ್ನ ಎಬ್ಬಿಸೋಕೆ ನನ್ನ ಕೈಲಾಗಲ್ಲ" ಎಂದು ವಾಪಸು ಹೋದ.

ಕೊನೆಗೆ ನೊರ್ಬೆರ್ತು ಗುರುವಾರ ಸಂಜೆ ಊರ ಸಭೆ ಕರೆದ. ಹಿಂದೆ ಕಂಪನಿಯ ವಾದ್ಯಗಾರರು ಅಭ್ಯಾಸ ಮಾಡುತ್ತಿದ್ದ ಸಭಾಂಗಣ. ಎಪ್ಪತ್ತು ಜನ ಹಿಡಿಸುವಲ್ಲಿ ನೂರಕ್ಕೂ ಹೆಚ್ಚು ಜನ. ಅವನು ಊರಿನ ಭವಿಷ್ಯದ ಬಗ್ಗೆ ಮಾತಾಡಿದ. ಅರ್ಧ ಜನ ತಲೆದೂಗಿದರು. ಕಾಫಿ ಅಂಗಡಿಯವನು ಎದ್ದು, "ಜನ ಬಂದ್ರೆ ನಾಲ್ಕು ಕಾಫಿ ಹೋಗುತ್ತೆ, ಒಂದು ಕಿಟಕಿಗೆ ಇಷ್ಟೆಲ್ಲ ರಾದ್ಧಾಂತ ಯಾಕೆ" ಎಂದ.

ಇದಲೀನಾ ಎದ್ದು ನಿಂತಳು. ಇಷ್ಟು ವರ್ಷ ಯಾರೂ ಎಲ್ಲರೆದುರು ಹೇಳದಿದ್ದುದನ್ನು ಹೇಳಿದಳು. ಅಮ್ಮ ಮೂರು ಸಲ ಕಚೇರಿಗೆ ಹೋದದ್ದು, ಈಸ್ಟರ್ ಭಾನುವಾರ, ಅಪ್ಪನ ಕಾಲು, ಜಸಿಂತು. "ಆ ತೂತು ಇದ್ದಿದ್ರೆ ನನ್ನ ತಮ್ಮನಿಗೆ ಈಗ ಅರವತ್ಮೂರು ವರ್ಷ. ಅಮ್ಮನ ಅಜಾಗರೂಕತೆಯಂತೆ! ಕಂಪನಿ ಮಾಡಿದ ಕೊಲೆನ ಅಮ್ಮನ ಹೆಸರಿಗೆ ಬರೆದ್ರು. ಈಗ ನೀವು ಅಲ್ಲೊಂದು ಕಿಟಕಿ ಇಟ್ಟು, ಕೊಲೆನೇ ನಡೆದಿಲ್ಲ ಅನ್ನೋ ಹಾಗೆ ಮಾಡ್ತಿದೀರ!"

"ಸಾಕು ಮಾಡೇ!"

ಕೂಗಿದ್ದು ಗ್ರಸಿಂದಾ. ಹಿಂದಿನ ಸಾಲಿನಲ್ಲಿ ಗೋಡೆ ಹಿಡಿದು ನಿಂತಿದ್ದಳು. ಅವಳು ಬಂದಿದ್ದು ಇದಲೀನಾಳಿಗೆ ಗೊತ್ತೇ ಇರಲಿಲ್ಲ.

"ಅಮ್ಮ ಅಲ್ಲ. ಕೇಳಿಸ್ತಾ? ಅಮ್ಮ ಅಲ್ಲ. ಅಗ್ಗಿಷ್ಟಿಕೆ ಒಳಗೆ ತಂದಿದ್ದು ನಾನು."

ತಿರುಗಿ ನೋಡಿದವರನ್ನು ಲೆಕ್ಕಿಸದೆ ಅವಳು ಮುಂದುವರಿಸಿದಳು.

"ಅಮ್ಮ ಅಜ್ಜೀನ ಕರ್ಕೊಂಡು ಬಟ್ಟೆ ಒಗೆಯೋಕೆ ಹೋಗಿದ್ಲು. ಹೊಗೆಯೆಲ್ಲ ಹೋಗಿ ಇದ್ದಿಲು ಬೆಳ್ಳಗಾಗೋವರೆಗೂ ಹೊರಗೇ ಇರಲಿ, ಒಳಗೆ ತರಬೇಡ ಅಂತ ಹೇಳೇ ಹೋಗಿದ್ಲು. ಆಮೇಲೆ ಮಳೆ ಹೊಡೆಯೋಕೆ ಶುರುವಾಯ್ತು. ಕೂಸಿನ ಕೈ ನೀಲಿಯಾಗಿತ್ತು. ಇನ್ನೂ ಕಪ್ಪಗಿರೋವಾಗ್ಲೇ ತಂದಿಟ್ಟೆ. ಗಾಳಿ ಬರತ್ತೆ ಅಂತ ಬಾಗಿಲು ಎಳ್ಕೊಂಡು ನೀರಿಗೆ ಹೋದೆ. ನಲ್ಲಿ ಹತ್ರ ಸಾಲಿತ್ತು. ನನಗೆ ಹದಿಮೂರು ವರ್ಷ." ಅವಳ ದನಿ ಸಿಟ್ಟಿನಿಂದ ಇನ್ನಷ್ಟು ಗಟ್ಟಿಯಾಯಿತು. "ಡಾಕ್ಟರ್ ಬಂದಾಗ ಅಮ್ಮ ನನ್ನ ಬಾಯಿ ಮುಚ್ಚಿಸಿ, ಒಳಗೆ ಇಟ್ಟಿದ್ದು ತಾನೇ ಅಂದ್ಲು. ಆಮೇಲೆ ಒಂದು ದಿನಾನೂ ನನಗೆ ಒಂದು ಮಾತು ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು. ನೀನು ಕಿಟಕಿ ಇದ್ದಿದ್ರೆ, ಕಿಟಕಿ ಇದ್ದಿದ್ರೆ ಅಂತೀಯ ಇದಲೀನಾ. ನಾನು ಅರವತ್ತೆರಡು ವರ್ಷದಿಂದ, ನಾನು ಇನ್ನೊಂದು ಹತ್ತು ನಿಮಿಷ ತಡೆದಿದ್ರೆ, ಅಂತಿದೀನಿ. ಆ ಕೋಣೇಲಿ ಬೆಳಕು ಬಂದ್ರೆ ಸಾಕು ಅನ್ನಿಸ್ತು. ಅದು ನಿನಗೆ ತಪ್ಪಾಗಿ ಕಾಣತ್ತೆ."

ಬೇರೆ ಯಾರಾದರೂ ಆಗಿದ್ದರೆ ಓಡಿ ಹೋಗಿ ಅಕ್ಕನನ್ನು ತಬ್ಬಿಕೊಳ್ಳುತ್ತಿದ್ದರೋ ಏನೋ. ಇದಲೀನಾಳಿಗೆ ಬಂದದ್ದು ಸಿಟ್ಟೇ, ಇದುವರೆಗೆ ಬಾರದಷ್ಟು ಸಿಟ್ಟು. ಪಕ್ಕದ ಕುರ್ಚಿಯನ್ನು ತಳ್ಳಿ ಹಿಂದಿನ ಸಾಲಿನ ಕಡೆ ತಿರುಗಿದಳು.

"ನೀನ್ಯಾಕೆ ಬಾಯಿ ಮುಚ್ಕೊಂಡಿದ್ದೆ? ಇಷ್ಟು ವರ್ಷ ಒಬ್ಳೇ ಹೊತ್ಕೊಂಡು ಯಾಕೆ ಕೂತಿದ್ದೆ, ಹುಚ್ಚಿ? ಹದಿಮೂರು ವರ್ಷದವಳಿಗೆ ಏನು ಗೊತ್ತಿರತ್ತೆ? ಕೂಸಿಗೆ ಚಳಿ, ಬೆಂಕಿ ತಂದೆ. ಎಲ್ಲ ಮನೇಲೂ ತರ್ತಿದ್ರು!" ಅವಳು ಸಭೆಯ ಕಡೆ ತಿರುಗಿದಳು. "ತರ್ತಿರಲಿಲ್ವಾ? ಹೇಳಿ. ಯಾರ ಮನೇಲಿ ತರ್ತಿರಲಿಲ್ಲ?"

ಓಣಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದವರಲ್ಲಿ ಒಬ್ಬಳು ಕೂತಲ್ಲಿಂದಲೇ ಹೇಳಿದಳು: "ನಮ್ಮನೇಲೂ ತರ್ತಿದ್ವಿ. ನನ್ನ ತಂಗಿ ಎರಡು ದಿನ ಕಣ್ಣು ಬಿಡಲಿಲ್ಲ." ಮೂರನೇ ಸಾಲಿನ ಮುದುಕನೊಬ್ಬ ಎದ್ದು, ತನ್ನಜ್ಜ ಹಾಗೇ ಹೋದದ್ದು ಎಂದ, ಮನೆಯಲ್ಲಿ ಹೃದಯದ ಕಾಯಿಲೆ ಎಂದು ಹೇಳಿಕೊಂಡು ಬಂದಿದ್ದರಂತೆ. ಇನ್ನೊಬ್ಬರು, ಮತ್ತೊಬ್ಬರು. ಎದುರು ಬದುರು ಮನೆಗಳಲ್ಲಿ ಬದುಕಿದವರು ಇದನ್ನು ಒಬ್ಬರಿಗೊಬ್ಬರು ಯಾವತ್ತೂ ಹೇಳಿಕೊಂಡಿರಲಿಲ್ಲ. ಕಾಫಿ ಅಂಗಡಿಯವನು ನೆಲ ನೋಡುತ್ತ ಕೂತುಬಿಟ್ಟ.

ಮತಕ್ಕೆ ಹಾಕುವ ಅಗತ್ಯವೇ ಬೀಳಲಿಲ್ಲ. ನೊರ್ಬೆರ್ತು ತನ್ನ ಕಾಗದ ಮಡಿಸಿ ಜೇಬಿಗಿಟ್ಟು, "ಗೋಡೆ ಹಾಗೇ ಇರಲಿ. ಒಂದು ಸಲಕ್ಕೆ ನಾಲ್ಕು ಜನ ಒಳಗೆ ಹೋಗಲಿ. ನಿಯಮದವರಿಗೆ ನಾನು ಉತ್ತರ ಕೊಡ್ತೀನಿ," ಎಂದ. ಇದಲೀನಾ ಅವನಿಗೆ ಧನ್ಯವಾದ ಹೇಳಲಿಲ್ಲ. ಅವಳು ಹಿಂದಿನ ಸಾಲಿನ ಕಡೆ ತಿರುಗುವಷ್ಟರಲ್ಲಿ ಗ್ರಸಿಂದಾ ಹೊರಟುಹೋಗಿದ್ದಳು.

ಫಲಕದ ಬರಹಕ್ಕೆ ಮತ್ತೊಂದು ಜಗಳವಾಯಿತು. 'ಅಂದಿನ ಮನೆಗಳಲ್ಲಿ ಗಾಳಿ ಬೆಳಕಿನ ಕೊರತೆ ಇತ್ತು' ಎಂದು ಪಂಚಾಯಿತಿಯವರು ಬರೆದಿದ್ದರು. "ಕೊರತೆ ಇತ್ತಂತೆ! ಮಳೆ ಕೊರತೆಯಾದ ಹಾಗೆ ತಾನೇ ತಾನಾಗಿ ಆಯ್ತಾ?" ಎಂದು ಇದಲೀನಾ ಅದನ್ನು ಹರಿದು, ತಾನೇ ಬರೆದುಕೊಟ್ಟಳು: ಈ ಕೋಣೆಯಲ್ಲಿ ಒಂಬತ್ತು ಜನ ಇದ್ದರು. ತಾಯಿ ಕಿಟಕಿ ಕೇಳಿದಳು, ಕಂಪನಿ ಕೊಡಲಿಲ್ಲ. ತಂದೆ ತೂತು ತೆಗೆದ, ಕಂಪನಿ ಮುಚ್ಚಿಸಿತು. ಕೊನೆಯ ಮಗು ಜಸಿಂತು ಹೊಗೆಯಲ್ಲಿ ಸತ್ತ. ತಾಯಿಯ ತಪ್ಪಲ್ಲ. ಯಾವ ಮಗುವಿನ ತಪ್ಪೂ ಅಲ್ಲ.

ನೊರ್ಬೆರ್ತು ಎರಡು ಸಲ ಓದಿದ. "ತಾತನ ಹೆಸರು...?"

"ಹಾಕಿಲ್ಲ. ಹಾಕಬೇಕು ಅನ್ನಿಸಿದ ದಿನ ಹಾಕ್ತೀನಿ."

ನಾಲ್ಕು ವಾರ ಅಕ್ಕ ತಂಗಿ ಮಾತಾಡಲಿಲ್ಲ. ಇದಲೀನಾ ಎರಡು ಸಲ ಗಾಜಿನ ಮನೆಯ ಗೇಟಿನವರೆಗೂ ಹೋಗಿ, ಏನು ಹೇಳಬೇಕೆಂದು ತೋಚದೆ, ತನ್ನ ಮೇಲೇ ಸಿಟ್ಟಾಗಿ ವಾಪಸು ಬಂದಳು.

ಜುಲೈನ ಒಂದು ಮಂಗಳವಾರ ಬೆಳಗ್ಗೆ, ಪ್ರವಾಸಿಗರು ಯಾರೂ ಇಲ್ಲದಾಗ, ಗ್ರಸಿಂದಾ ಕೋಲೂರಿಕೊಂಡು ಎಂಟನೇ ಸಾಲಿಗೆ ಬಂದಳು. ಇದಲೀನಾಳ ಬಾಗಿಲು ದಾಟಿದರೂ ಆ ಕಡೆ ತಿರುಗಲಿಲ್ಲ. ಹದಿನಾಲ್ಕನೇ ಮನೆಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಇದಲೀನಾ ಕೈಯಲ್ಲಿದ್ದ ಪೊರಕೆ ಬಿಟ್ಟು ಬೀದಿಗೆ ಬಂದಳು. ಬಾಗಿಲ ಮುಂದೆ ನಿಂತಳು. ಒಳಗಿನಿಂದ ಸದ್ದೇ ಇಲ್ಲ. ಬಾಗಿಲು ತಟ್ಟಲು ಕೈ ಎತ್ತಿದಳು, ಇಳಿಸಿದಳು. ಎಷ್ಟು ಹೊತ್ತಾಯಿತೋ ಅವಳಿಗೇ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಗ್ರಸಿಂದಾಳ ಮುಖ ಬೆವರಿ ಒದ್ದೆಯಾಗಿತ್ತು. ಕಣ್ಣು ಕೆಂಪಗಿತ್ತು.

"ಏನೇ ಇದು?" ಎಂದು ಗದರಿದಳು. "ಮಂಚ ಆ ಮೂಲೇಲಿ ಯಾರು ಹಾಕಿದ್ದು? ಜಸಿಂತು ಇರೋವಾಗ ನಮ್ಮ ಮಂಚ ಬಾಗಿಲ ಪಕ್ಕ ಇತ್ತು. ಚಿಕ್ಕಪ್ಪ ಪಾಳಿ ಮುಗಿಸಿ ಬಂದು ಕತ್ತಲಲ್ಲಿ ತನ್ನನ್ನೇ ಎಡವುತ್ತಾನೆ ಅಂತ ಅಜ್ಜಿ ಆ ಮೂಲೇಲಿ ಮಲಗ್ತಿದ್ಲು. ಊರಿಗೆಲ್ಲ ನಿಜ ಹೇಳೋಕೆ ಹೊರಟವಳಿಗೆ ಇಷ್ಟೂ ಗೊತ್ತಿಲ್ವಾ?"

"ನನಗೆ ಏಳು ವರ್ಷ ಕಣೇ ಆಗ! ನನಗೆಲ್ಲಿ ನೆನಪಿರತ್ತೆ?"

"ನೆನಪಿಲ್ದಿದ್ರೆ ಕೇಳಬೇಕು. ಬಾ, ಆ ಕಡೆ ಹಿಡಿ."

ಕಬ್ಬಿಣದ ಮಂಚ ಭಾರವಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ, ಎತ್ತಲಾರದೆ, ನೆಲದ ಮೇಲೆ ಎಳೆದರು. ಹೊಸದಾಗಿ ಹಾಕಿದ್ದ ನೆಲದ ಮೇಲೆ ಎರಡು ಉದ್ದನೆಯ ಗೆರೆ ಬಿದ್ದವು. "ನೊರ್ಬೆರ್ತು ಕೂಗಾಡ್ತಾನೆ," ಎಂದಳು ಗ್ರಸಿಂದಾ.

"ಕೂಗಾಡಲಿ," ಎಂದಳು ಇದಲೀನಾ.